ಕ್ರುಕ್ಸ್ ರಸ್ತೆಯ ಏರು

ಕಾರು ನಿಲ್ಲಿಸಿ ಎಂಟು ನಿಮಿಷವಾಗಿದ್ದರೂ ನೀಲಾಂಬಿಕಾ ಇನ್ನೂ ಇಳಿದಿರಲಿಲ್ಲ. ಎಂಜಿನ್ ಆರಿಸಿದ್ದಳು, ಬೆಲ್ಟ್ ಬಿಚ್ಚಿದ್ದಳು, ಮಡಚಿದ ಬಟ್ಟೆಯ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಬಾಗಿಲು ತೆಗೆದು ಕಾಲು ಹೊರಗಿಡುವುದೊಂದೇ ಬಾಕಿ. ಬ್ರೂಮ್‌ಹಿಲ್‌ನ ಅಂಗಡಿ ಸಾಲಿನಲ್ಲಿ, ಅವಳು ನೆಲೆಸಿದ ಈ ಇಂಗ್ಲಿಷ್ ಊರಿನಲ್ಲಿ, ಏಪ್ರಿಲ್ ತಿಂಗಳ ಶನಿವಾರದ ಬೆಳಗು ಎಂದಿನಂತೆಯೇ ಇತ್ತು. ಬೇಕರಿಯ ಮುಂದೆ ನಿದ್ದೆಗಣ್ಣಿನ ವಿದ್ಯಾರ್ಥಿಗಳು ಸಾಲು ನಿಂತಿದ್ದರು. ಪಾಳಿ ಮುಗಿಸಿದ ನರ್ಸೊಬ್ಬಳು ಬಾಳೆಹಣ್ಣು ತಿನ್ನುತ್ತ ಬಸ್ಸಿಗೆ ಕಾಯುತ್ತಿದ್ದಳು. ಬಲಗಡೆಯ ಕನ್ನಡಿಯಲ್ಲಿ ರಸ್ತೆ ಖಾಲಿ. ಖಾಲಿಯೆಂದು ನಂಬಿ ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಒಂದು ವ್ಯಾನು ಸರ್ರನೆ ಹೋಯಿತು. ಮತ್ತೆ ಖಾಲಿ. ಆದರೆ ಕನ್ನಡಿಗೂ ಸಿಗದ, ಕಣ್ಣಂಚಿಗೂ ಸಿಗದ ಒಂದು ತುಂಡು ರಸ್ತೆ ನಡುವೆ ಉಳಿದುಬಿಡುತ್ತದಲ್ಲ, ಅಲ್ಲಿ ಯಾರೋ ಬರುತ್ತಿದ್ದಾರೆಂದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಮುಂದೆ ತಿರುಗಿದ ಕೂಡಲೇ ಮತ್ತೆ ಯಾರೋ ಇದ್ದಾರೆ. ಹೀಗೆ ಕತ್ತು ಆಚೆ ಈಚೆ ಹೊರಳಿಸುತ್ತಿದ್ದವಳನ್ನು ಕಂಡು, ಹೊರಡಲು ಸಿದ್ಧವಾಗಿದ್ದಾಳೆಂದು ತಿಳಿದು, ಬೂದು ಕಾರಿನ ಗಂಡಸೊಬ್ಬ ಪಕ್ಕದಲ್ಲಿ ಇಂಡಿಕೇಟರ್ ಹಾಕಿ ನಿಂತ. ಅವಳು ಇಲ್ಲವೆಂದು ಕೈಯಾಡಿಸಿದಳು. ಅವನಿಗೆ ಅದು ಒಂದು ನಿಮಿಷ ಎಂದಂತೆ ಕಂಡಿರಬೇಕು, ಕಾದ. ಅವನ ಹಿಂದೆ ಮೂರು ಕಾರುಗಳು ಕಾದವು. ಆಮೇಲೆ ಅವನು ಹಾರ್ನ್ ಒತ್ತಿ, ಕಿಟಕಿಯಿಳಿಸಿ, "ಹೋಗ್ತೀರಾ, ಇಳೀತೀರಾ, ಏನಾದರೂ ಒಂದು ಮಾಡಿ" ಎಂದು ಕೂಗಿದ. ಬೇಕರಿಯ ಸಾಲು ಪೂರ್ತಿ ಇತ್ತ ತಿರುಗಿತು. ಆಪರೇಷನ್ ಮೇಜಿನ ಮೇಲೆ ನಿಂತುಹೋಗುತ್ತಿದ್ದ ಎದೆಬಡಿತವನ್ನು ಮರಳಿ ತಂದಿದ್ದ, ಇಪ್ಪತ್ತೆರಡು ವರ್ಷ ಅರಿವಳಿಕೆ ಕೊಟ್ಟ ಡಾಕ್ಟರು ನೀಲಾಂಬಿಕಾ ಕಿವಿಯವರೆಗೆ ಕೆಂಪಾಗಿ ಎಂಜಿನ್ ಚಾಲೂ ಮಾಡಿ, ಬ್ರೆಡ್ಡು ಕೊಳ್ಳದೆ, ಮನೆಯ ಕಡೆ ಹೊರಟಳು.

ಮನೆಯ ದಾರಿಯೆಂದರೆ ಕ್ರುಕ್ಸ್ ರಸ್ತೆಯ ಏರು. ಅದನ್ನು ತಪ್ಪಿಸಲು ಆರು ವಾರದಿಂದ ಅವಳು ಸುತ್ತುದಾರಿ ಹಿಡಿಯುತ್ತಿದ್ದಳು. ಮಾರ್ಚ್ ಮೊದಲ ವಾರ, ಮಂಗಳವಾರ ಮಧ್ಯಾಹ್ನ, ಮಗಳು ತನ್ವಿಯನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯುವಾಗ ಆ ರಸ್ತೆಯಲ್ಲಿ ಇಳಿಮುಖವಾಗಿ ಕಾರು ನಿಲ್ಲಿಸಿದ್ದಳು. ಐದು ನಿಮಿಷ ತಡವಾಗಿತ್ತು. ಭಾನುವಾರವೂ ಬರಲಾದೀತೇ ಎಂದು ಆಸ್ಪತ್ರೆಯಲ್ಲಿ ಡ್ಯೂಟಿ ಪಟ್ಟಿ ನೋಡಿಕೊಳ್ಳುವವಳ ಮೆಸೇಜು ಬಂದಿತ್ತು, ಈ ತಿಂಗಳಲ್ಲಿ ಮೂರನೆಯ ಸಲ. ಫೋನಿನ ಮೇಲಿನ ಸಿಟ್ಟನ್ನೆಲ್ಲ ಅವಳು ಮಗಳ ಮೇಲೆ ತೀರಿಸುತ್ತಿದ್ದಳು: ಹದಿನೇಳು ವರ್ಷ ಆತು, ಅಪಾಯಿಂಟ್‌ಮೆಂಟ್ ನೆನಪು ಇಟ್ಕೊಳ್ಳಾಕ ಆಗೂದಿಲ್ಲ ನಿನಗ, ಎಲ್ಲಾ ನಾನ ಹೇಳ್ಬೇಕು, ಎಲ್ಲಾ ನಾನ ಓಡ್ಯಾಡ್ಬೇಕು. ಮಾತು ಮುಗಿಯದೆ ಕೈ ಹಿಡಿಕೆಗೆ ಹೋಯಿತು. ಪಕ್ಕದಲ್ಲಿದ್ದ ತನ್ವಿ ಹಿಂದಕ್ಕೆ ಹೊರಳಿ ಚೀಲ ತೆಗೆದುಕೊಳ್ಳುತ್ತಿದ್ದವಳು "ಅಮ್ಮಾ, ತಡಿ" ಎಂದಳು. ಕನ್ನಡದಲ್ಲಿ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಎಷ್ಟೋ ವರ್ಷಗಳ ಮೇಲೆ ತಾಯಿಯ ಮಾತಿನಲ್ಲಿ ಕರೆದದ್ದು ನೀಲಾಂಬಿಕಾಗೆ ಸ್ಪಷ್ಟವಾಗಿ ಕೇಳಿಸಿತ್ತು. ಬೈಗುಳ ತಡೆಯಲು ಹೇಳುತ್ತಿದ್ದಾಳೆಂದುಕೊಂಡು, ನಿಲ್ಲಿಸಲಾರೆನೆಂಬ ಹಟದಲ್ಲಿಯೇ, ಬಾಗಿಲನ್ನು ಜೋರಾಗಿ ತಳ್ಳಿದಳು. ಆಮೇಲಿನ ಸದ್ದು ದೊಡ್ಡದೇನಲ್ಲ. ಅಲಮಾರಿಯ ಮೇಲಿಂದ ಸೂಟ್‌ಕೇಸ್ ಬಿದ್ದಂತೆ. ಹೊರಗೆ ಕೆಂಪು ಸೈಕಲ್ಲೊಂದರ ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು, ಈರುಳ್ಳಿ ಜಾತಿಯ, ಮಣ್ಣು ಮೆತ್ತಿದ ಲೀಕ್ ದಂಟುಗಳು ರಸ್ತೆಯುದ್ದ ಚೆಲ್ಲಿದ್ದವು, ಅವುಗಳ ನಡುವೆ ನರೆಗೂದಲಿನ ಹೆಂಗಸೊಬ್ಬಳು ಮಗ್ಗುಲಾಗಿ ಬಿದ್ದಿದ್ದಳು. ಆ ಕ್ಷಣದಿಂದ ನೀಲಾಂಬಿಕಾ ಮತ್ತೆ ಡಾಕ್ಟರಾದಳು. ಮಂಡಿಯೂರಿ ಎರಡೂ ಅಂಗೈ ನಡುವೆ ಹೆಂಗಸಿನ ತಲೆಯನ್ನು ಅಲುಗದಂತೆ ಹಿಡಿದು, ಹೆಸರೇನು, ಇವತ್ತು ಯಾವ ವಾರ, ಬೆರಳಾಡಿಸಿ ನೋಡೋಣ, ಎಂದು ಶಾಂತವಾಗಿ ಕೇಳುತ್ತ ಹೋದಳು. ಮೌರೀನ್, ಎಂದಳು ಹೆಂಗಸು. ವಾರ ನೆನಪಾಗಲಿಲ್ಲ. ಆಂಬುಲೆನ್ಸಿನವರು ಬಂದು, ಈಕೆಯ ಅದೃಷ್ಟ, ಇಂಥ ಡಾಕ್ಟರು ಸ್ಥಳದಲ್ಲೇ ಇದ್ದರು, ಎಂದರು. ತನ್ವಿ ಫುಟ್‌ಪಾತಿನಲ್ಲಿ ನಿಂತು ಲೀಕ್‌ಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಅವಳು ತಲೆಯೆತ್ತಲಿಲ್ಲ. ಎರಡು ದಿನದ ಮೇಲೆ ಪೊಲೀಸರಿಗೂ ವಿಮೆಯವರಿಗೂ ಕಳಿಸಿದ ಹೇಳಿಕೆಯಲ್ಲಿ ನೀಲಾಂಬಿಕಾ ಬರೆದಳು: ಕನ್ನಡಿ ನೋಡಿಯೇ ಬಾಗಿಲು ತೆಗೆದೆ, ಯಾರೂ ಕಾಣಲಿಲ್ಲ, ಇಳಿಜಾರಿನಲ್ಲಿ ಸೈಕಲ್ ಬಹಳ ವೇಗವಾಗಿ ಬಂದಿರಬೇಕು. ಬರೆಯುವಾಗ ಅದು ಸುಳ್ಳೆಂದು ಅನಿಸಲಿಲ್ಲ. ದಿನಾ ನೋಡುತ್ತಿದ್ದಳಲ್ಲ, ಅವತ್ತೂ ನೋಡಿರಬೇಕು ಎಂದು ಕೈ ತಾನಾಗಿಯೇ ಬರೆಯಿತು.

ಮನೆಯಲ್ಲಿ ಅಮೃತ್ ಅಡುಗೆಮನೆಯ ಮೇಜಿನ ಮೇಲೆ ವಿಮೆಯವರ ಪತ್ರ ಹರವಿಕೊಂಡು ಕುಳಿತಿದ್ದ. ಅವನು ಉಕ್ಕಿನ ಕಾರ್ಖಾನೆಯ ಎಂಜಿನಿಯರು. ಯಾವ ಕಾಗದವನ್ನೂ ಎರಡು ಸಲ ಓದದೆ ಬಿಡುವವನಲ್ಲ. ಸೈಕಲ್ ಸವಾರಳ ಅತಿವೇಗವೇ ಮುಖ್ಯ ಕಾರಣವೆಂದು ತಾವು ವಾದಿಸುವುದಾಗಿಯೂ, ಹೇಳಿಕೆ ನಿಜವೆಂದು ಇನ್ನೊಮ್ಮೆ ಸಹಿ ಮಾಡಿ ಕಳಿಸಬೇಕೆಂದೂ ಪತ್ರದಲ್ಲಿತ್ತು.

"ಬ್ರೆಡ್ ಎಲ್ಲಿ?" ಎಂದ ಅಮೃತ್.

"ಮುಗಿದಿತ್ರೀ." ಇದೂ ಒಂದು ಸುಳ್ಳು, ಎಂದುಕೊಂಡಳು. ಇವು ಎಷ್ಟು ಸಲೀಸಾಗಿ ಬರುತ್ತವೆ.

"ಇಲ್ಲೊಂದು ಸಹಿ ಹಾಕಿಬಿಡು. ಎಲ್ಲಾ ಅವರ ನೋಡ್ಕೋತಾರ."

ಪತ್ರದ ಪಕ್ಕದಲ್ಲೇ, ಕಿಟಕಿಯ ಹಲಗೆಯ ಮೇಲೆ, ಹತ್ತು ದಿನದ ಹಿಂದೆ ಅಂಚೆಯಲ್ಲಿ ಬಂದ ಒಂದು ಕಾರ್ಡು ನಿಂತಿತ್ತು. ಅದನ್ನು ಅಲ್ಲಿಟ್ಟವಳು ತನ್ವಿ. ನೀಲಾಂಬಿಕಾ ಎರಡು ಸಲ ಡ್ರಾಯರಿನಲ್ಲಿ ಹಾಕಿದ್ದಳು, ಎರಡು ಸಲವೂ ಅದು ಮತ್ತೆ ಕಿಟಕಿಗೆ ಬಂದಿತ್ತು. ಎಡಗೈಯಲ್ಲಿ ಬರೆದ, ಸೊಟ್ಟಂಬಟ್ಟ ಅಕ್ಷರದ ಕಾರ್ಡು. ಪ್ರಿಯ ಡಾಕ್ಟರ್, ಅವತ್ತು ನನ್ನ ತಲೆಯನ್ನು ಅಷ್ಟು ಮೆತ್ತಗೆ ಹಿಡಿದುಕೊಂಡಿದ್ದಕ್ಕೆ ಧನ್ಯವಾದ. ಬಲ ಮಣಿಕಟ್ಟು, ಹೆಗಲ ಮೂಳೆ ಕೂಡಿಕೊಳ್ಳುತ್ತಿವೆ. ನನಗೇನೂ ನೆನಪಿಲ್ಲ, ಆದರೆ ನಾನೇ ಜೋರಾಗಿ ಬಂದಿರಬೇಕೆಂದು ಎಲ್ಲರೂ ಹೇಳುತ್ತಾರೆ. ಇಪ್ಪತ್ತಾರು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದವಳು ನಾನು, ಅರವತ್ತೆಂಟರಲ್ಲಿ ಹುಚ್ಚು ಹುಡುಗಿಯಂತೆ ಓಡಿಸಿದೆನಲ್ಲ. ನಿಮಗೆ ಗಾಬರಿ ಮಾಡಿದ್ದಕ್ಕೆ ಕ್ಷಮೆಯಿರಲಿ. ಸೈಕಲ್ಲನ್ನು ಮಗ ಶೆಡ್ಡಿನಲ್ಲಿಟ್ಟು ಬೀಗ ಹಾಕಿದ್ದಾನೆ. ಮೌರೀನ್. ಎಲ್ಲರೂ ಅಂದರೆ ಯಾರು, ಎಂದು ನೀಲಾಂಬಿಕಾಗೆ ತಿಳಿದಿತ್ತು. ತಾನು ಬರೆದ ಒಂದು ಸಾಲು ಪೊಲೀಸರಿಗೆ ಹೋಗಿ, ಅಲ್ಲಿಂದ ಆ ಹೆಂಗಸಿನ ಮನೆಗೆ ಹೋಗಿ, ಅಲ್ಲಿಂದ ಕ್ಷಮೆ ಕೇಳುವ ಕಾರ್ಡಾಗಿ ತನ್ನ ಅಡುಗೆಮನೆಗೇ ಬಂದು ನಿಂತಿತ್ತು. ಪಕ್ಕದ ಕೋಣೆಯಲ್ಲಿ ತನ್ವಿ ಡ್ರೈವಿಂಗ್ ಲೈಸೆನ್ಸಿನ ಥಿಯರಿ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ಬೇಕೆಂದೇ ಗಟ್ಟಿಯಾಗಿ ಓದುತ್ತಿದ್ದಾಳೋ, ಅವಳ ಅಭ್ಯಾಸವೇ ಹಾಗೋ. ರಸ್ತೆಯಲ್ಲಿ ಯಾರಿಂದ ಇತರರಿಗೆ ಹೆಚ್ಚು ಪೆಟ್ಟಾಗಬಹುದೋ ಅವರ ಮೇಲೆ ಹೆಚ್ಚು ಹೊಣೆ: ಲಾರಿ, ಬಸ್ಸು, ಕಾರು, ಆಮೇಲೆ ಸೈಕಲ್ಲು, ಕೊನೆಗೆ ನಡೆಯುವವರು. ಇಷ್ಟನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಓದಿ ತನ್ವಿ ಪುಟ ತಿರುವಿದ ಸದ್ದು ಕೇಳಿಸಿತು.

"ನಾ ಕನ್ನಡಿ ನೋಡಿರಲಿಲ್ರೀ" ಎಂದಳು ನೀಲಾಂಬಿಕಾ.

ಅಮೃತ್ ಕನ್ನಡಕ ತೆಗೆದ. "ಏನಂದಿ?"

"ಅವತ್ತು. ಹಂಗ ಬಾಗ್ಲಾ ತಗದೆ. ಹಿಂದ ಯಾರರ ಅದಾರೇನು ಅಂತ ನೋಡ್ಲೇ ಇಲ್ಲ. ಆಕಿ ಎಷ್ಟು ಜೋರ್ ಬರಾಕತ್ತಿದ್ಲು ಅನ್ನೂದು ನನಗ ಹೆಂಗ ಗೊತ್ತಾಗ್ಬೇಕು?"

"ಈಗ ಅದನ್ನ ಬರ್ದು ಕೊಡ್ತೀ ಏನು? ಕೇಸ್ ಆಗ್ತೈತಿ ನೀಲಾ. ಆಸ್ಪತ್ರಿಗೆ ಹೇಳ್ಬೇಕಾಗ್ತೈತಿ. ನಿನ್ನ ಡಾಕ್ಟರ್ ರಿಜಿಸ್ಟ್ರೇಷನ್ ಗತಿ ಏನು? ಆಕಿ ಹ್ಯಾಂಗೂ ಆರಾಮ ಆಗಾಕತ್ತಾಳ. ನೋಡಿದವರೂ ಯಾರೂ ಇಲ್ಲ."

ಬಾಗಿಲಲ್ಲಿ ತನ್ವಿ ನಿಂತಿದ್ದಳು. ಕೈಯಲ್ಲಿ ಪುಸ್ತಕ, ಬೆರಳು ಪುಟದ ನಡುವೆ. ತಂದೆಯನ್ನು ನೋಡಲಿಲ್ಲ, ತಾಯಿಯನ್ನೇ ನೋಡಿ, "ಐ ಟೋಲ್ಡ್ ಯು ಟು ವೇಟ್, ಮಾಮ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಾಳಿಕೊಳ್ಳಬಹುದಿತ್ತು. "ನಾನು ಇನ್ನೂ ಜೋರಾಗಿ ಕೂಗಬೇಕಿತ್ತಾ ಅಂತ ದಿನಾ ಯೋಚಿಸ್ತೀನಿ" ಎಂದು ಇಂಗ್ಲಿಷಿನಲ್ಲೇ ಮುಂದುವರಿಸಿ, ಮಾತು ತುಂಡಾಗಿ, ಒಳಗೆ ಹೋದಳು. ಆರು ವಾರ ನೀಲಾಂಬಿಕಾ ಮಗಳ ಮೌನವನ್ನು ತನ್ನ ಮೇಲಿನ ತೀರ್ಪೆಂದು ತಿಳಿದು ಅವಳ ಮುಖ ತಪ್ಪಿಸುತ್ತಿದ್ದಳು. ಆ ಹುಡುಗಿ ತನ್ನ ಮೇಲೇ ತೀರ್ಪು ಕೊಟ್ಟುಕೊಂಡು ಕುಳಿತಿದ್ದಳು. ತಾನು ಹೊರದೇ ಬಿಟ್ಟ ತಪ್ಪು ಗಾಳಿಯಲ್ಲಿ ಕರಗಿಹೋಗಿರಲಿಲ್ಲ. ಒಂದಷ್ಟನ್ನು ಮೌರೀನ್ ಹೊತ್ತುಕೊಂಡಿದ್ದಳು, ಉಳಿದದ್ದನ್ನು ಈ ಹದಿನೇಳರ ಹುಡುಗಿ. ನೀಲಾಂಬಿಕಾ ಪತ್ರಕ್ಕೆ ಸಹಿ ಹಾಕಲಿಲ್ಲ. ಕೋಟು ತೊಟ್ಟು, ಕಾರಿನ ಬೀಗದ ಕೈಯನ್ನು ಮೇಜಿನ ಮೇಲೇ ಬಿಟ್ಟು, ನಡೆದುಕೊಂಡೇ ಹೊರಟಳು.

ಮೌರೀನಳ ಮನೆ ಬ್ರೂಮ್‌ಹಿಲ್‌ನ ಕೆಳಗೆ, ಕೆಂಪಿಟ್ಟಿಗೆಯ ಸಾಲುಮನೆಗಳಲ್ಲಿ ಕೊನೆಯದು. ಕಾರ್ಡಿನ ಹಿಂದೆ ವಿಳಾಸವಿತ್ತು. ನಡೆಯುವವಳಿಗೆ ಈ ಊರು ಬೇರೆಯೇ ಆಗಿತ್ತು. ಹದಿನೆಂಟು ವರ್ಷ ಗಾಜಿನೊಳಗಿಂದ ನೋಡಿದ ರಸ್ತೆಗಳಲ್ಲಿ ಇಷ್ಟೊಂದು ಗಾಳಿಯಿದೆ, ಕಾರುಗಳು ಇಷ್ಟು ಹತ್ತಿರದಿಂದ ಇಷ್ಟು ಸದ್ದು ಮಾಡಿ ಹೋಗುತ್ತವೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಅಡ್ಡರಸ್ತೆ ದಾಟಲು ಕಾಲಿಟ್ಟಾಗ ತಿರುಗುತ್ತಿದ್ದ ಕಾರು ನಿಲ್ಲದೆ ಅವಳ ಕೋಟಿನಂಚು ಹಾರಿಸಿಕೊಂಡು ಹೋಯಿತು. ಒಳಗಿದ್ದವಳು ಫೋನಿನಲ್ಲಿ ನಗುತ್ತಿದ್ದಳು. ಕೆಟ್ಟವಳಂತೇನೂ ಕಾಣಲಿಲ್ಲ. ತನ್ನ ಹಾಗೇ ಇದ್ದಳು.

ಬಾಗಿಲು ತೆರೆದ ಮೌರೀನಳ ಬಲಗೈ ಇನ್ನೂ ಪಟ್ಟಿಯಲ್ಲಿತ್ತು. ಮುಖ ಅರಳಿತು. "ಓ, ಡಾಕ್ಟರ್! ಒಳಗೆ ಬನ್ನಿ ಲವ್, ಚಹಾ ಮಾಡ್ತೀನಿ, ಒಂದೇ ಕೈಯಲ್ಲಿ ಮಾಡೋದು ಕಲ್ತಿದೀನಿ." ಅಪರಿಚಿತರನ್ನೂ ಈ ಊರಿನವರು ಕರೆಯುವ ಆ 'ಲವ್' ನೀಲಾಂಬಿಕಾಳ ಎದೆಗೆ ಚುಚ್ಚಿತು. ಕುಳಿತರೆ ಹೇಳಲಾಗುವುದಿಲ್ಲವೆಂದು ಹಜಾರದಲ್ಲೇ ನಿಂತು, ಕೋಟು ತೆಗೆಯದೆ, ಹೇಳಿದಳು. ನಾನು ನೋಡಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ, ಹಿಂದೆಯೂ ನೋಡಲಿಲ್ಲ. ತಡಿ ಅಂತ ಮಗಳು ಹೇಳಿದ್ದಳು, ಕೇಳಿಸಿತ್ತು, ಆದರೂ ತೆಗೆದೆ. ನೀವು ಜೋರಾಗಿ ಬಂದಿರಿ ಅಂತ ಬರೆದದ್ದು ನಾನು. ನೀವು ಎಷ್ಟು ಜೋರಾಗಿ ಬಂದಿರೋ ನನಗೆ ಗೊತ್ತಿಲ್ಲ. ನಿಮ್ಮನ್ನು ನಾನು ನೋಡಿದ್ದೇ ನೀವು ಬಿದ್ದ ಮೇಲೆ.

ಒಳಗೆ ಮೊದಲೇ ಹಾಕಿಟ್ಟಿದ್ದ ನೀರಿನ ಕೆಟಲ್ ಕುದಿದು ಟಕ್ಕೆಂದು ಆರಿತು. ಮೌರೀನ್ ಅತ್ತ ಹೋಗಲಿಲ್ಲ.

"ಆರು ವಾರ" ಎಂದಳು. ದನಿ ಬಹಳ ತಗ್ಗಿತ್ತು. "ಆರು ವಾರ ನಾನು ಒಳಗಿನ ಆ ಕುರ್ಚೀಲಿ ಕೂತು ನನ್ನನ್ನೇ ಬೈದುಕೊಂಡೆ. ಹಿಮದಲ್ಲಿ ಓಡಿಸಿದೀನಿ, ಮಂಜುಗಡ್ಡೆ ಮೇಲೆ ಓಡಿಸಿದೀನಿ, ಒಂದು ದಿನಾನೂ ಬೀಳಲಿಲ್ಲ. ನನ್ನ ತಲೆ ಕೆಟ್ಟಿದೆ, ನನಗೇ ಗೊತ್ತಾಗ್ತಿಲ್ಲ ಅಂದ್ಕೊಂಡೆ. ನನ್ನಮ್ಮನಿಗೂ ಕೊನೇಲಿ ಹಾಗೇ ಆಗಿತ್ತು. ನನಗೂ ಶುರುವಾಯ್ತು ಅಂದ್ಕೊಂಡೆ. ಮೂಳೆ ಮುರಿದದ್ದಕ್ಕೆ ನನಗೆ ಕೋಪ ಇಲ್ಲ, ಡಾಕ್ಟರ್. ಮೂಳೆ ಕೂಡಿಕೊಳ್ಳುತ್ತೆ."

"ನಾನು ಎಲ್ಲಾ ಸರಿಯಾಗಿ ಬರೆದು ಕೊಡ್ತೀನಿ."

"ಬರೀರಿ. ಈಗ ಹೋಗಿ."

ಕ್ಷಮೆ ಸಿಗಬಹುದೆಂಬ ಆಸೆ ತನ್ನೊಳಗೆ ಎಷ್ಟು ದೊಡ್ಡದಾಗಿತ್ತೆಂದು ಅದು ಸಿಗದೆ ಹೊರಗೆ ಬಂದಾಗಲೇ ನೀಲಾಂಬಿಕಾಗೆ ತಿಳಿದದ್ದು. ಆದರೂ ಏರು ಹತ್ತುವಾಗ ಹೆಜ್ಜೆ ಬರುವಾಗಿನಷ್ಟು ಭಾರವಿರಲಿಲ್ಲ. ಮನೆಗೆ ಬಂದವಳು ಮೊದಲು ತನ್ವಿಯ ಕೋಣೆಗೆ ಹೋಗಿ ಹಾಸಿಗೆಯ ತುದಿಯಲ್ಲಿ ಕುಳಿತಳು. "ನೀ ಸರಿಯಾಗೇ ಕೂಗಿದ್ದಿ. ನನಗ ಕೇಳ್ಸಿತ್ತು. ಅದು ನಿಂದಲ್ಲ, ನಂದು." ತನ್ವಿ ಕಾಲಿನಿಂದ ತಾಯಿಯ ತೊಡೆಯನ್ನು ಒಮ್ಮೆ ಒತ್ತಿದಳು, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ. ಹೊಸ ಹೇಳಿಕೆಯನ್ನು ಟೈಪು ಮಾಡಿಕೊಟ್ಟವನು ಅಮೃತ್. ಒಂದು ದಿನ ಪೂರ್ತಿ ಮಾತಾಡದಿದ್ದವನು, ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತಂದು, "ನೀ ಹೇಳು, ನಾ ಬರೀತೀನಿ. ನಿನ್ನ ಇಂಗ್ಲಿಷ್ ಗಾಬರಿ ಆದ್ರ ಭಾಳ ಉದ್ದ ಆಗ್ತೈತಿ" ಎಂದ.

ಅವರಿಬ್ಬರೂ ಅಂಜಿದಷ್ಟು ಆಗಲಿಲ್ಲ, ಏನೂ ಆಗದೆಯೂ ಇರಲಿಲ್ಲ. ಆಸ್ಪತ್ರೆಯ ಮೇಲಧಿಕಾರಿಗೆ ಅವಳೇ ಹೋಗಿ ಹೇಳಿದಳು. ಆತ ಟಿಪ್ಪಣಿ ಬರೆದುಕೊಂಡು, ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಅಂದ. ಪೊಲೀಸರು ಅವಳನ್ನು ಒಂದು ದಿನದ ಚಾಲಕರ ತರಬೇತಿಗೆ ಕಳಿಸಿದರು. ಒಂದು ಹೋಟೆಲಿನ ಸಭಾಂಗಣದಲ್ಲಿ ಹನ್ನೊಂದು ಮಂದಿ ಅರ್ಧಚಂದ್ರಾಕಾರವಾಗಿ ಕುಳಿತು, ಯಾಕೆ ಬಂದಿರಿ ಎಂಬುದನ್ನು ಒಬ್ಬೊಬ್ಬರೇ ಹೇಳಬೇಕಿತ್ತು. ಪಕ್ಕದಲ್ಲಿದ್ದ ಪ್ಲಂಬರ್ ಕೆಂಪು ದೀಪ ದಾಟಿದವನು, ಎದುರಿಗಿದ್ದ ಹುಡುಗಿ ಅವಳದೇ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಗುರುತು ಹಿಡಿದಳು. ನೀಲಾಂಬಿಕಾ ಅವಳ ಕಣ್ಣು ತಪ್ಪಿಸದೆ ಹೇಳಿ ಮುಗಿಸಿದಳು. ಸೈಕಲ್ಲಿನವರ ಮೇಲೆ ತಾನು ಬೆಳಗ್ಗೆ ಬೆಳಗ್ಗೆ ಎಷ್ಟು ಗೊಣಗುತ್ತಿದ್ದೆ, ರಸ್ತೆ ತಮ್ಮಪ್ಪನದೇ ಎಂಬಂತೆ ನಡುವೆ ಹೋಗುತ್ತಾರೆ ಎನ್ನುತ್ತಿದ್ದೆ ಎಂಬುದೂ ನೆನಪಾಯಿತು. ಅವರು ನಡುವೆ ಹೋಗುವುದು ಹೆದರಿಕೊಂಡು. ಅಂಚಿನಲ್ಲಿ ನಿಂತ ಕಾರುಗಳ ಬಾಗಿಲಿಗೆ ಹೆದರಿಕೊಂಡು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ. ಮಧ್ಯಾಹ್ನ ತರಬೇತುದಾರ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ, ಇಲ್ಲದ ಬಾಗಿಲನ್ನು ಎಡಗೈಯಿಂದ ತೆರೆಯಲು ಹೇಳಿದ. ಎಡಗೈ ಬಲಗಡೆಯ ಹಿಡಿಕೆಗೆ ಚಾಚಿದರೆ ಮೈ ತಾನಾಗಿಯೇ ಹೊರಳುತ್ತದೆ, ಕಣ್ಣು ಹಿಂದಿನ ರಸ್ತೆಗೆ ಹೋಗುತ್ತದೆ, ಎಂದ. ಉಳಿದ ಹತ್ತು ಮಂದಿ ಒದ್ದಾಡಿದರು. ನೀಲಾಂಬಿಕಾಳ ಎಡಗೈ ಮಾತ್ರ ನೀರಿಗಿಳಿದ ಮೀನಿನಂತೆ ಹೋಯಿತು. ಗದಗಿನ ಮನೆಯ ಪಡಸಾಲೆಯಲ್ಲಿ ಅಜ್ಜಿ ಶಿವಗಂಗಾ ಆ ಕೈಯನ್ನು ಸೀರೆಯ ಸೆರಗಿನಿಂದ ಕಟ್ಟಿಹಾಕಿ ಬಲಗೈಯಲ್ಲಿ ಉಣ್ಣು, ಬಲಗೈಯಲ್ಲಿ ಬರಿ ಎಂದು ಒಂದು ವರ್ಷ ಕಾವಲು ಕೂತಿದ್ದಳು. ಇಷ್ಟು ವರ್ಷ ಬಲಗೈಯವಳಾಗಿ ಬದುಕಿದ ಮೇಲೆ, ಪರದೇಶದ ಹೋಟೆಲಿನಲ್ಲಿ, ನರೆಗಡ್ಡದ ತರಬೇತುದಾರ "ನೋಡಿ, ಈಕೆಗೆ ಹುಟ್ಟಿನಿಂದಲೇ ಬಂದಿದೆ" ಎಂದಾಗ ಅವಳಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣೂ ತುಂಬಿತು. ಅವತ್ತಿನಿಂದ ಅವಳು ಕಾರಿನಿಂದ ಇಳಿಯತೊಡಗಿದಳು. ನಿಧಾನವಾಗಿ, ಆದರೆ ಇಳಿಯುತ್ತಿದ್ದಳು.

ಜೂನ್ ಎರಡನೆಯ ವಾರ ಫೋನು ಬಂತು.

"ಮೌರೀನ್ ಮಾತಾಡ್ತಿರೋದು. ಶನಿವಾರ ಬೆಳಗ್ಗೆ ನಿಮಗೆ ಡ್ಯೂಟಿ ಇದೆಯಾ?"

"ಇಲ್ಲ."

"ಗುಡ್ಡದ ಮೇಲೆ ನಗರದ ಕೌನ್ಸಿಲ್‌ನವರು ಕೊಟ್ಟ ತರಕಾರಿ ತೋಟ ಇದೆ ನಂದು. ಮೂರು ತಿಂಗಳಲ್ಲಿ ಕಾಡಾಗಿರುತ್ತೆ. ಸೈಕಲ್ಲಲ್ಲೇ ಹೋಗಬೇಕು ಅಂತ ಇದೀನಿ. ಮಗ ಕಾರಲ್ಲಿ ಹಿಂದೆ ಬರ್ತೀನಿ ಅಂದ. ಬೇಡ ಅಂದೆ. ಅವನು ನಾನು ಬೀಳೋದನ್ನೇ ಕಾಯ್ತಾ ಇರ್ತಾನೆ. ನಾನು ಬೀಳಬಾರದು ಅಂತ ನನಗಿಂತ ಹೆಚ್ಚಾಗಿ ಬೇಕಾಗಿರೋದು ನಿಮಗೆ. ನಾನು ಕ್ಷಮಿಸಿದೆ ಅಂತಲ್ಲ. ನನಗೆ ಹಿಂದೆ ಒಂದು ಕಾರು ಬೇಕು, ಅಷ್ಟೇ. ಓವರ್‌ಟೇಕ್ ಮಾಡಬೇಡಿ. ಹತ್ತಿರಾನೂ ಬರಬೇಡಿ."

ಶನಿವಾರ ಒಂಬತ್ತಕ್ಕೆ ತನ್ವಿಯೂ ಕಾರಿನಲ್ಲಿ ಬಂದು ಕುಳಿತಳು, ಯಾರೂ ಕರೆದಿರಲಿಲ್ಲ. ಮೌರೀನ್ ಹಳದಿ ಜಾಕೆಟ್ ತೊಟ್ಟು ಸೈಕಲ್ ಹಿಡಿದು ಗೇಟಿನ ಬಳಿ ನಿಂತಿದ್ದಳು. ಕಾರಿನ ಕಡೆ ಒಮ್ಮೆ ತಲೆಯಾಡಿಸಿ ಹೊರಟಳು. ಮೊದಲ ನೂರು ಗಜದಲ್ಲಿ ಆರು ಸಲ ಹಿಂತಿರುಗಿ ನೋಡಿದಳು. ಪ್ರತಿಸಲವೂ ಸೈಕಲ್ ವಾಲುತ್ತಿತ್ತು, ಪ್ರತಿಸಲವೂ ನೀಲಾಂಬಿಕಾಳ ಕಾಲು ಬ್ರೇಕನ್ನು ಹುಡುಕುತ್ತಿತ್ತು. ಬ್ರೂಮ್‌ಹಿಲ್ ದಾಟಿ ಕ್ರುಕ್ಸ್ ರಸ್ತೆಗೆ ತಿರುಗುವಾಗ ಹಿಂದೆ ಒಂದು ಬಸ್ಸು ಸೇರಿಕೊಂಡಿತ್ತು, ಅದರ ಹಿಂದೆ ಕಾರುಗಳು. ಏರು ಶುರುವಾಯಿತು. ಗಂಟೆಗೆ ಐದು ಮೈಲಿ, ನಾಲ್ಕು ಮೈಲಿ. ಎರಡೂ ಬದಿಯಲ್ಲಿ ನಿಂತ ಕಾರುಗಳ ಸಾಲು. ಮೌರೀನ್ ಅವುಗಳಿಂದ ದೂರ ಸರಿದು ರಸ್ತೆಯ ನಡುವೆ ಹೋಗತೊಡಗಿದಳು. ಹಿಂದಿನಿಂದ ಹಾರ್ನ್ ಕೇಳಿಸಿತು, ಆಮೇಲೆ ಇನ್ನೊಂದು. ನೀಲಾಂಬಿಕಾಳ ಬೆನ್ನು ಬೆವೆತಿತು. ಹಿಂದಿರುವ ಅಷ್ಟೂ ಮಂದಿಯ ಸಿಟ್ಟು ತನ್ನ ಹಿಂದಲೆಯ ಮೇಲೆ ಕೂತಂತಿತ್ತು. ಇಂಥ ಸಿಟ್ಟು ಅವಳಿಗೆ ಗೊತ್ತು; ಅವಳೂ ಅದರೊಳಗೆ ಕುಳಿತು ಎಷ್ಟೋ ವರ್ಷ ಕೆಲಸಕ್ಕೆ ಹೋದವಳು. ಹೊರಗಿನಿಂದ ಅದು ಹೀಗೆ ಕೇಳಿಸುತ್ತದೆ.

"ಬಸ್ಸಿನವನಿಗೆ ಸಿಟ್ಟು ಬಂದೈತೇನು, ನೋಡು" ಎಂದಳು.

ತನ್ವಿ ಹೊರಳಿ ನೋಡಿದಳು. "ಬಸ್ ಅಲ್ಲ ಮಾಮ್. ಹಾರ್ನ್ ಮಾಡ್ತಿರೋದು ಅದರ ಹಿಂದಿನವರು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಬಸ್ ತುಂಬಾ ಹಿಂದೆ ಬರ್ತಿದೆ. ಬೇಕಂತಲೇ."

ಅರ್ಧ ಏರಿನಲ್ಲಿ, ಆ ಜಾಗದ ಎದುರು, ಮೌರೀನ್ ನಿಂತುಬಿಟ್ಟಳು. ಕಾಲು ನೆಲಕ್ಕೂರಿ, ಆಚೆ ಬದಿಯ ಕಾರುಗಳ ಸಾಲನ್ನು ನೋಡುತ್ತ ನಿಂತಳು. ಹಳದಿ ಜಾಕೆಟ್ ಮೇಲೆ ಕೆಳಗೆ ಆಡುತ್ತಿತ್ತು. ಉಬ್ಬಸವೋ, ಅಳುವೋ, ಗಾಜಿನೊಳಗಿಂದ ತಿಳಿಯಲಿಲ್ಲ. ಇಳಿದು ಓಡಿಹೋಗಿ ಅವಳನ್ನು ಹಿಡಿದುಕೊಳ್ಳಬೇಕೆಂದು ನೀಲಾಂಬಿಕಾಳ ಕೈಕಾಲು ತವಕಿಸಿದವು. ಇಳಿಯಲಿಲ್ಲ. ಹತ್ತಿರ ಬರಬೇಡಿ ಎಂದಿದ್ದಳು. ನಾಲ್ಕೂ ದೀಪ ಮಿನುಗಿಸಿ, ಸ್ಟಿಯರಿಂಗ್ ಹಿಡಿದು, ಕಣ್ಣು ತೆಗೆಯದೆ ಕುಳಿತಳು. ಅರಿವಳಿಕೆ ಕೊಟ್ಟು ಮಲಗಿಸಿದವರ ತಲೆಯ ಬಳಿ ಗಂಟೆಗಟ್ಟಲೆ ಹಾಗೆ ಕೂರುವುದೇ ಅವಳ ಕೆಲಸ: ಏನೂ ಮಾಡದೆ, ಬಿಟ್ಟೂ ಹೋಗದೆ. ರಸ್ತೆ ನಿಂತದ್ದು ಕಂಡು ಫುಟ್‌ಪಾತಿನಲ್ಲಿ ಎಷ್ಟು ಹೊತ್ತಿನಿಂದ ಕಾದಿದ್ದನೋ, ಗಾಲಿಯ ನಡಿಗೆ ಚೌಕಟ್ಟು ಹಿಡಿದ ಮುದುಕನೊಬ್ಬ ಕೆಳಗಿಳಿದು ಸೈಕಲ್ಲಿಗೂ ಕಾರಿಗೂ ನಡುವೆ ರಸ್ತೆ ದಾಟತೊಡಗಿದ. ನಡುವೆ ನಿಂತು ಇಡೀ ಸಾಲಿಗೆ ಒಟ್ಟಾಗಿ ಟೋಪಿ ತೆಗೆದು ವಂದಿಸಿದ. ಮೌರೀನಳಿಗೂ ಏನೋ ಹೇಳಿದ. ಅವಳು ನಕ್ಕಳು. ನಕ್ಕಿದ್ದು ಹೆಗಲಿನಲ್ಲಿ ಕಾಣಿಸಿತು. ಅವನು ಆಚೆ ಬದಿ ಸೇರುವವರೆಗೆ ಕಾದು, ಸೈಕಲ್ಲನ್ನು ನಾಲ್ಕು ಹೆಜ್ಜೆ ತಳ್ಳಿ, ಹತ್ತಿದಳು. ವಾಲಿತು, ನೆಟ್ಟಗಾಯಿತು. ಅಲ್ಲಿಂದ ಮುಂದೆ ಅವಳು ಹಿಂತಿರುಗಿ ನೋಡಲಿಲ್ಲ.

ಏರು ಮುಗಿದು ರಸ್ತೆ ಅಗಲವಾದಲ್ಲಿ ನೀಲಾಂಬಿಕಾ ಎಡಕ್ಕೆ ಸರಿದು ನಿಲ್ಲಿಸಿದಳು, ಹಿಂದಿನವರು ಹೋಗಲೆಂದು. ಬಸ್ಸು ಪಕ್ಕಕ್ಕೆ ಬಂದು ನಿಂತಿತು. ಚಾಲಕ ಎಡಗಡೆಯ ಮುಂಬಾಗಿಲು ತೆರೆದ. ನರೆತ ಗಡ್ಡದ ಸೊಮಾಲಿ ಮನುಷ್ಯ. ಬೈಗುಳಕ್ಕೆ ಅವಳು ಮೈ ಗಟ್ಟಿ ಮಾಡಿಕೊಂಡಳು.

"ಅದು ಮೌರೀನ್ ಅಲ್ವಾ?" ಎಂದ ಅವನು.

"ಹೌದು."

"ದೇವರು ದೊಡ್ಡವನು. ಆ ಹಿಂಬದಿ ನೋಡಿದ ಕೂಡಲೇ ಅಂದ್ಕೊಂಡೆ, ಈ ಬೆಟ್ಟವನ್ನ ಹೀಗೆ ಹತ್ತೋರು ಇನ್ಯಾರೂ ಇಲ್ಲ ಅಂತ. ನಾನು ಹೊಸದಾಗಿ ಬಂದಾಗ ನಮ್ಮ ಬೀದಿಗೆ ಟಪಾಲು ತರ್ತಿದ್ದಳು. ಈ ದೇಶದಲ್ಲಿ ಇರ್ಬಹುದು ಅನ್ನೋ ಕಾಗದ ತಂದುಕೊಟ್ಟವಳೇ ಅವಳು. ನನಗೆ ಓದೋಕೆ ಬರ್ತಿರಲಿಲ್ಲ, ಬಾಗಿಲಲ್ಲೇ ನಿಂತು ಓದಿ ಹೇಳಿದಳು." ಹಿಂದೆ ಹಾರ್ನ್ ಮತ್ತೆ ಕೂಗಿತು. ಅವನು ಕೇಳಿಸದವನಂತೆ, "ಅವಳ ಹಿಂದೆ ನೀವು, ನಿಮ್ಮ ಹಿಂದೆ ನಾನು. ನನ್ನ ಹಿಂದಿನವರು ಏನ್ಬೇಕಾದ್ರೂ ಅನ್ನಲಿ" ಎಂದು ಬಾಗಿಲು ಮುಚ್ಚಿ ಬಸ್ಸು ಬಿಟ್ಟ. ಆಮೇಲೆ ಕಾರುಗಳು ಒಂದೊಂದೇ ದಾಟಿದವು. ತನ್ವಿ ಎಣಿಸಿದಳು, ಹದಿನಾಲ್ಕು. ಒಬ್ಬ ಬೆರಳೆತ್ತಿ ತೋರಿಸಿದ. ಹಿಂದಿನ ಸೀಟಿನ ಮಗುವೊಂದು ಮಾತ್ರ, ಯಾಕೆಂದು ತಿಳಿಯದೆ, ಕೈಬೀಸಿತು.

ಮುಂದೆ, ತೋಟಗಳ ಕಡೆ ತಿರುಗುವ ಕಿರುದಾರಿಯ ಬಾಯಲ್ಲಿ, ಹಳದಿ ಜಾಕೆಟ್ ಬಾಗಿ ಮರೆಯಾಗುತ್ತಿತ್ತು. ಮೌರೀನ್ ಅವರಿಗಾಗಿ ಕಾಯಲಿಲ್ಲ.

"ಶಿ ಡಿಡಂಟ್ ಈವನ್ ವೇವ್!" ಎಂದಳು ತನ್ವಿ, ಸ್ವಲ್ಪ ನೊಂದವಳಂತೆ.

ನೀಲಾಂಬಿಕಾ ನಕ್ಕಳು. ಎದೆಯ ಆಳದಿಂದ ಬಂದ ಆ ನಗು ಅವಳಿಗೇ ಹೊಸದೆನಿಸಿತು.

"ಕೈ ಬೀಸೂದು ಬ್ಯಾಡವ್ವಾ" ಎಂದಳು. "ಎರಡೂ ಕೈ ಹ್ಯಾಂಡಲ್ ಮ್ಯಾಲೇ ಇರ್ಲಿ."